ಎಣ್ಣೆನೀರಿನ ದಿನ ಮುರಿದ ತೋಳು

ಕೊರೊನಾ ಮುಗಿದು ಜನ ಮಾಸ್ಕನ್ನು ಮರೆತ ವರ್ಷ. ನಾನಾಗ ನಂಜನಗೂಡಿನಲ್ಲಿ ಸರ್ಕಾರಿ ಮೂಳೆ ಡಾಕ್ಟರು. ಮನೆ ತಿ. ನರಸೀಪುರದಲ್ಲಿ, ದಿನಾ ಬೈಕಿನಲ್ಲಿ ಓಡಾಟ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲ. ಸುತ್ತಿಗೆ, ಉಳಿ, ಡ್ರಿಲ್ಲು ಹಿಡಿದು ಮೂಳೆಗಳ ಮೇಲೆ ಕೆಲಸ ಮಾಡುವವನಿಗೆ ಗುಂಡಿಗೆ ಗಟ್ಟಿ ಇರಬೇಕೆಂದು ಜನ ಅಂದುಕೊಳ್ಳುತ್ತಾರೆ. ನನ್ನ ಹೆಂಡತಿಯನ್ನು ಕೇಳಿ, ನಿಜ ಹೇಳುತ್ತಾಳೆ. ಹಲ್ಲಿ ಬಿದ್ದರೆ ಮಂಚ ಹತ್ತುವ ಗಿರಾಕಿ ನಾನು. ಆದರೆ ಆ ವರ್ಷದ ದೀಪಾವಳಿಯಲ್ಲಿ ಹೆದರಿದ ಹಾಗೆ ಇಡೀ ಸರ್ವೀಸಿನಲ್ಲಿ ಇನ್ನೊಮ್ಮೆ ಹೆದರಿದ್ದಿಲ್ಲ.

ನರಕ ಚತುರ್ದಶಿಯ ಬೆಳಿಗ್ಗೆ. ಹಬ್ಬದ ಡ್ಯೂಟಿಯೆಂದರೆ ಪಟಾಕಿಯಲ್ಲಿ ಕೈ ಸುಟ್ಟುಕೊಂಡವರೇ ಹೆಚ್ಚು. ಅವತ್ತು ಆಟೋದಿಂದ ಇಳಿಸಿದ್ದು ಮಾತ್ರ ಬರೀ ಚಡ್ಡಿಯಲ್ಲಿದ್ದ, ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ಮೆತ್ತಿಕೊಂಡಿದ್ದ ಒಂಬತ್ತು ವರ್ಷದ ಹುಡುಗನನ್ನು. ಹೆಸರು ಚೇತನ, ಬದನವಾಳು ಹತ್ತಿರದ ಹಳ್ಳಿಯವನು. ಎಡತೋಳನ್ನು ಬಲಗೈಯಲ್ಲಿ ಅವುಚಿಕೊಂಡು ಕಿರುಚುತ್ತಿದ್ದ. ಎತ್ತಿಕೊಂಡಿದ್ದವನು ಅವನ ಅಪ್ಪ ಮಾದೇಶ, ಲಾರಿ ಡ್ರೈವರ್. ಬೆನ್ನಿಗೇ ಅಜ್ಜಿ ಪುಟ್ಟತಾಯಮ್ಮ. ಅವರಿಂದ ನಾಲ್ಕು ಮಾರು ದೂರದಲ್ಲಿ ಮಂಗಳ. ಹುಡುಗನ ಹೆತ್ತ ತಾಯಿ ತೀರಿಹೋದ ಮೇಲೆ ಎರಡನೆಯವಳಾಗಿ ಆ ಮನೆಗೆ ಬಂದವಳು, ಇಲ್ಲೇ ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸದವಳು. ಅವಳ ಕೈಗಳಿಗೂ ಮೊಣಕೈವರೆಗೆ ಎಣ್ಣೆ.

"ಮುರ್ದಾಕ್ಬುಟ್ಳು ಸಾ! ನನ್ ಕಂದನ್ ಕೈಯ ಲಟಕ್ ಅಂತ ಮುರ್ದಾಕ್ಬುಟ್ಳು!" ಅಜ್ಜಿ ಎದೆ ಬಡಿದುಕೊಂಡಳು. "ನಾನ್ ಕಣ್ಣಾರೆ ಕಂಡಿವ್ನಿ. ಪೊಲೀಸ್ ಕೇಸ್ ಬರ್ಕಳಿ."

ನಡೆದದ್ದು ಇಷ್ಟು. ಸೀಗೆಪುಡಿ ಕಣ್ಣಿಗೆ ಉರಿಯುತ್ತದೆಂದು ಹುಡುಗ ಬಚ್ಚಲಿನಿಂದ ಓಟ ಕಿತ್ತಿದ್ದಾನೆ. ಹಿತ್ತಿಲ ಬಾಗಿಲಲ್ಲಿ ಮಂಗಳ ಅವನ ಮಣಿಕಟ್ಟು ಹಿಡಿದು ಎಳೆದಿದ್ದಾಳೆ. ಹಬ್ಬದ ದಿನ ಎಲ್ಲ ಮನೆಗಳಲ್ಲೂ ತಾಯಂದಿರು ಎಳೆಯುವ ಹಾಗೇ ಎಳೆದದ್ದು. ತೋಳು ಮುರಿದಿದೆ. ಹೆತ್ತವಳು ಎಳೆದಿದ್ದರೆ ಗ್ರಹಚಾರ ಅನ್ನುತ್ತಿದ್ದರು. ಮಲತಾಯಿ ಎಳೆದರೆ ಪೊಲೀಸ್ ಕೇಸು. ಮಂಗಳ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತ ನಿಂತಿದ್ದಳು.

ಎಕ್ಸ್‌ರೇ ಟೇಬಲ್ಲಿನ ಮೇಲೆ ಎಣ್ಣೆ ಮೈ ಜಾರುತ್ತಿತ್ತು, ನಾನೇ ಹುಡುಗನ ಸೊಂಟ ಹಿಡಿದು ನಿಂತೆ. ಕಂಪ್ಯೂಟರಿನಲ್ಲಿ ಚಿತ್ರ ಮೂಡಿತು. ಭುಜದ ಕೆಳಗೆ ತೋಳಿನ ಮೂಳೆ ಮುರಿದಿತ್ತು, ಸರಿ. ಆದರೆ ಮುರಿದ ಕಡೆ ಮೂಳೆಯ ಒಳಗೆಲ್ಲ ಪೊಳ್ಳು. ಗೋಡೆ ಮೊಟ್ಟೆಯ ಸಿಪ್ಪೆಯಷ್ಟು ತೆಳು.

ಇದಕ್ಕೆ ಬೋನ್ ಸಿಸ್ಟ್ ಎನ್ನುತ್ತೇವೆ. ಬೆಳೆಯುವ ಮಕ್ಕಳ ಮೂಳೆಯೊಳಗೆ ಯಾಕೋ ಏನೋ ನೀರು ತುಂಬಿದ ಒಂದು ಗೂಡು ಕಟ್ಟಿಕೊಳ್ಳುತ್ತದೆ. ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಬಹಳ ಸಲ ಮೂಳೆ ಮುರಿದ ದಿನವೇ ಅದು ಅಲ್ಲಿರುವುದು ಗೊತ್ತಾಗುವುದು. ಹೀಗೆ ಒಳಗಿನ ಕಾಯಿಲೆಯಿಂದ ಸೋತ ಮೂಳೆ ಸಣ್ಣ ಕಾರಣಕ್ಕೆ ಮುರಿದರೆ ಅದು ಪೆಥಾಲಾಜಿಕಲ್ ಫ್ರಾಕ್ಚರ್. ಚೆಂಡು ಎಸೆದರೂ ಮುರಿಯಬಹುದು, ನಿದ್ದೆಯಲ್ಲಿ ಮಗ್ಗುಲಾದರೂ ಮುರಿಯಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಹಾಗೆ. ಪಾಪ, ಮಂಗಳ ಬರೀ ಕಾಗೆ.

ಇಷ್ಟೇ ಆಗಿದ್ದರೆ ನಾನು ಆಚೆ ಬಂದು ಅಜ್ಜಿಯನ್ನು ನಾಲ್ಕು ಮಾತು ಗದರಿಸಿ ಕಾಫಿಗೆ ಹೋಗುತ್ತಿದ್ದೆ. ನನ್ನನ್ನು ಹೆದರಿಸಿದ್ದು ಬೇರೆ. ಆ ಪೊಳ್ಳಿನ ಒಂದು ಪಕ್ಕದಲ್ಲಿ, ಮೂಳೆಯ ಹೊರಮೈಗೆ, ತೆಳ್ಳಗೆ ಹೊಸ ಮೂಳೆ ಪದರ ಕಟ್ಟಿತ್ತು. ಬೆಳಿಗ್ಗೆ ಮುರಿದ ಮೂಳೆಗೆ ಮಧ್ಯಾಹ್ನದೊಳಗೆ ಹೊಸ ಮೂಳೆ ಬರುವುದಿಲ್ಲ, ಅದಕ್ಕೆ ವಾರಗಳು ಬೇಕು. ಹಾಗಾದರೆ ಎರಡೇ ದಾರಿ. ಒಂದೋ ಈ ಕೈಗೆ ಹಿಂದೆಯೂ ಒಮ್ಮೆ ಪೆಟ್ಟಾಗಿ ಬಿರುಕು ಬಿಟ್ಟಿದೆ. ಇಲ್ಲವೇ ಇದು ಸಿಸ್ಟಿನ ವೇಷ ಹಾಕಿಕೊಂಡ ಕ್ಯಾನ್ಸರ್ ಗೆಡ್ಡೆ.

ನಾನು ಮೈಸೂರಿನಲ್ಲಿ ಓದುವಾಗ ವಾರ್ಡಿನಲ್ಲಿದ್ದ ಒಬ್ಬಳು ಹುಡುಗಿ ನೆನಪಾದಳು. ಅವಳದನ್ನೂ ಮೊದಲು ಸಿಸ್ಟ್ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆಮೇಲೆ ಭುಜದಿಂದಲೇ ಕೈ ತೆಗೆದರು. ಆದರೂ ಹುಡುಗಿ ಉಳಿಯಲಿಲ್ಲ. ಚೇತನನ ಎಕ್ಸ್‌ರೇ ನೋಡುತ್ತ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ತೋಳಿಗೆ ತಾತ್ಕಾಲಿಕವಾಗಿ ಪಟ್ಟಿ ಹಾಕಿಸಿ, ಎಲ್ಲರನ್ನೂ ಒಳಗೆ ಕರೆಸಿ ಕೇಳಿದೆ, "ಇವನ ಈ ಕೈಗೆ ಹಿಂದೆ ಯಾವತ್ತಾದರೂ ಪೆಟ್ಟು ಬಿದ್ದಿತ್ತೆ?"

"ಇಲ್ಲ ಸಾ. ದೇವ್ರಾಣೆಗೂ ಇಲ್ಲ," ಎಂದಳು ಅಜ್ಜಿ, ನನ್ನ ಮಾತು ಮುಗಿಯುವ ಮೊದಲೇ.

ಮಾದೇಶ ಹೆಂಡತಿಯ ಕಡೆ ತಿರುಗಿದ. "ಏನಮ್ಮಿ? ನಾನ್ ಊರಲ್ಲಿಲ್ದಾಗ ಮೊದ್ಲೂ ವಡ್ದಿದ್ಯಾ?"

ಮಂಗಳ ಇಲ್ಲವೆಂದು ತಲೆಯಾಡಿಸಿದಳು. ಹುಡುಗನನ್ನು ಕೇಳಿದೆ. ಅವನು ಅಜ್ಜಿಯ ಮುಖ ನೋಡಿ "ಇಲ್ಲ" ಎಂದ. ಆ ನೋಟ ನೋವಿನದೆಂದು ನಾನು ಬಿಟ್ಟುಬಿಟ್ಟೆ.

ಹಾಗಾದರೆ ಎರಡನೆಯ ದಾರಿಯೇ. ಮೂಳೆ ಮೊದಲೇ ಒಳಗೆ ಟೊಳ್ಳಾಗಿತ್ತು, ಇದರಲ್ಲಿ ಮಂಗಳನ ತಪ್ಪೇನೂ ಇಲ್ಲ ಎಂದೆ. ಆದರೆ ಟೊಳ್ಳು ಯಾತರಿಂದ ಆಯಿತೆಂದು ನೋಡಬೇಕು, ಗೆಡ್ಡೆ ಇದ್ದರೂ ಇರಬಹುದು, ಮೈಸೂರಿನಲ್ಲಿ ಎಂಆರ್‌ಐ ಸ್ಕ್ಯಾನ್ ಮಾಡಿಸಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದೂ ಹೇಳಿದೆ. ಕ್ಯಾನ್ಸರ್ ಎಂಬ ಪದ ನನ್ನ ಬಾಯಿಂದ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

"ಆ ಕಾಯ್ಲೆನಾ ಸಾ?" ಎಂದ ಮಾದೇಶ. ನಾನು ಮೈಸೂರಿಗೆ ಚೀಟಿ ಬರೆಯತೊಡಗಿದೆ.

ಆಗ ಮಂಗಳ ಮೊದಲ ಸಲ ಬಾಯಿಬಿಟ್ಟಳು. "ಸಾ, ಹಳೇ ಏಟಾಗಿದ್ರೆ? ಆಗ ಗೆಡ್ಡೆ ಅಲ್ಲ ತಾನೇ?"

"ಹಳೆಯ ಪೆಟ್ಟು ಇದ್ದಿದ್ದರೆ ಇಷ್ಟು ಹೆದರಬೇಕಾಗಿರಲಿಲ್ಲಮ್ಮ."

ಅವಳು ಸೆರಗಿನಲ್ಲಿ ಕೈಯ ಎಣ್ಣೆ ಒರೆಸಿಕೊಂಡು ನನ್ನ ಮೇಜಿನ ಹತ್ತಿರ ಬಂದಳು. "ಅಂಗಾರೆ ಅದೂ ನಾನೇ ಮಾಡಿದ್ದು ಸಾ. ಇಂದೆನೂ ವಡ್ದಿದ್ದೆ. ಸೌದೆ ತಕ್ಕಂಡು ವಡ್ದಿದ್ದೆ. ಬರ್ಕಳಿ. ಪೊಲೀಸ್ನೋರ್ನ ಕರೀರಿ, ಬತ್ತೀನಿ. ಗೆಡ್ಡೆ ಅಂತ ಮಾತ್ರ ಬರೀಬ್ಯಾಡಿ."

ಅವಳು ಸುಳ್ಳು ಹೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಆದರೂ, ಅದು ನಿಜವಾಗಿರಲಿ ಎಂದು ನನ್ನ ಜೀವ ಬಯಸಿತು. ಒಬ್ಬ ಹೆಂಗಸು ಮಗುವಿಗೆ ಸೌದೆಯಲ್ಲಿ ಬಾರಿಸಿದ್ದು ನಿಜವಾಗಲೆಂದು ದೇವರಲ್ಲಿ ಬೇಡಿಕೊಂಡ ಡಾಕ್ಟರು ನಾನೊಬ್ಬನೇ ಇರಬೇಕು. ಮಾದೇಶ ಮುಷ್ಟಿ ಬಿಗಿದು ಮುಂದೆ ಬಂದ. ನಾನು ಎದ್ದು ಅಡ್ಡ ನಿಂತೆ.

"ಅವ್ವ ವಡ್ದಿಲ್ಲ!" ಹುಡುಗ ಚೀರಿದ. "ಅಜ್ಜಿ, ನಿಜ ಏಳಜ್ಜಿ!"

ಪುಟ್ಟತಾಯಮ್ಮ ಗೋಡೆಗೆ ಒರಗಿದವಳು ಹಾಗೇ ಜಾರಿ ನೆಲಕ್ಕೆ ಕೂತಳು.

"ಅವ್ಳಲ್ಲ ಸಾ. ಮಾರ್ನಾಮಿ ಅಬ್ಬುಕ್ ಮುಂಚೆ ಇವ್ಳು ತಂಗಿ ಬಾಣಂತನುಕ್ಕೆ ಅಂತ ನರಸೀಪುರುದ್ ತವ್ರಿಗ್ ಓಗಿದ್ಲು. ಮಗ ಲಾರಿ ಮೇಲ್ ಓಗಿದ್ದ. ಮಗೀನ ನೋಡ್ಕಳೋಳು ನಾನೊಬ್ಳೇ. ಪಕ್ಕದ್ ಮನೇಲಿ ಮಾತಾಡ್ತಾ ಕೂತ್ಬುಟ್ಟೆ ಸಾ, ಜಗಲಿಯಿಂದ ಬಿದ್ದ್‌ಬುಟ್ಟ. ಕೈ ನೋಯ್ತದೆ ಅಂದ. ಉಳ್ಕು ತೆಗ್ಯೋರ್ ತಾವ ಕರ್ಕಂಡೋಗಿ ಎಣ್ಣೆ ಆಕಿ ನೀವ್ಸಿ ಪಟ್ಟಿ ಕಟ್ಸ್ದೆ. ಇವ್ಳು ಬರೋ ಒತ್ಗೆ ಬಿಚ್ಬುಟ್ಟಿದ್ದೆ. ಯಾರ್ಗೂ ಏಳ್ಬ್ಯಾಡ ಕಣ್ಲಾ ಅಂತ ನಾನೇ ಅಂದಿದ್ದೆ. ಒಂದ್ ಮಗೀನ ನೋಡ್ಕಳಕ್ ಆಗ್ನಿಲ್ಲ ಅಂತ ಸೊಸೆ ತಾವ ಸಣ್ಣೋಳಾಯ್ತೀನಲ್ಲಾ ಅಂತ."

ನನಗೆ ಕೋಪ ಬರಬೇಕಿತ್ತು. ಬದಲಿಗೆ ಆ ಮುದುಕಿಯನ್ನು ಎತ್ತಿ ತಬ್ಬಿಕೊಳ್ಳಬೇಕೆನಿಸಿತು. ಮಾದೇಶನ ಮುಷ್ಟಿ ಸಡಿಲವಾಯಿತು, ಆದರೆ ಯಾರ ಮುಖ ನೋಡುವುದೆಂದು ಅವನಿಗೆ ತಿಳಿಯಲಿಲ್ಲ. ಮಂಗಳ ಅತ್ತೆಯ ಕಡೆ ತಿರುಗಿಯೂ ನೋಡದೆ ನನ್ನನ್ನೇ ಕೇಳಿದಳು, "ಅಂಗಾರೆ ಅಲ್ಲ ಅಲ್ವಾ ಸಾ?"

ಮತ್ತೆ ಕಂಪ್ಯೂಟರಿನ ಮುಂದೆ ಕೂತು ಚಿತ್ರವನ್ನು ದೊಡ್ಡದು ಮಾಡಿದೆ. ಭಯ ಸ್ವಲ್ಪ ಇಳಿದಾಗ ಕಣ್ಣು ಕಾಣಿಸುತ್ತದೆ. ಪೊಳ್ಳಿನ ತಳದಲ್ಲಿ ಒಂದು ಸಣ್ಣ ಮೂಳೆಚೂರು ಬಿದ್ದಿತ್ತು. ಒಳಗೆ ನೀರಿದ್ದರೆ ಮುರಿದ ಚೂರು ತಳಕ್ಕೆ ಮುಳುಗುತ್ತದೆ. ಗಟ್ಟಿ ಗೆಡ್ಡೆಯಾದರೆ ಅದು ಬೀಳಲು ಜಾಗವೆಲ್ಲಿ? ಸಿಸ್ಟಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಕ್ಸ್‌ರೇಯಲ್ಲಿ ಸಿಗುವುದು ಕಷ್ಟ. ಆದರೂ ಪೂರ್ತಿ ಧೈರ್ಯ ಹೇಳಲು ನನಗೆ ಬಾಯಿ ಬರಲಿಲ್ಲ. ಇಂಥ ಕೇಸಿನಲ್ಲಿ ಪೊಲೀಸರಿಗೆ ಹೋಗಲೇಬೇಕಾದ ಟಿಪ್ಪಣಿಯಲ್ಲಿ ಒಳಗಿನ ಕಾಯಿಲೆಯಿಂದ ದುರ್ಬಲವಾದ ಮೂಳೆ ಮುರಿದಿದೆ ಎಂದು ಬರೆದು, ಅವರನ್ನು ಮೈಸೂರಿಗೆ ಕಳಿಸಿದೆ.

ಸ್ಕ್ಯಾನಿನಲ್ಲೂ ನೀರಿನ ಗೂಡೇ ಕಂಡಿತು, ಆದರೆ ಮುರಿತದ ರಕ್ತ ಸೇರಿ ಕಲಸಿಹೋಗಿತ್ತು. ಮೊದಲು ಮೂಳೆ ಕೂಡಲಿ ಎಂದು ಕಾದೆವು. ಆರು ವಾರದ ನಂತರ ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ, ನನ್ನ ಹಳೆಯ ಗುರುಗಳು ಹುಡುಗನಿಗೆ ಅರಿವಳಿಕೆ ಕೊಡಿಸಿ ಮೂಳೆಯೊಳಗೆ ಸೂಜಿ ಇಳಿಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಸಿರಿಂಜಿಗೆ ತಿಳಿ ಹಳದಿ ನೀರು ಬಂತು. ಅದು ಸಿಸ್ಟಿನ ನೀರು, ಬರೀ ರಕ್ತ ಬಂದಿದ್ದರೆ ಮತ್ತೆ ಗೆಡ್ಡೆಯ ಅನುಮಾನ ಬರುತ್ತಿತ್ತು. ಗೂಡಿನ ಗೋಡೆಯಿಂದ ಕೆರೆದ ಚೂರು ಪರೀಕ್ಷೆಗೆ ಹೋಯಿತು.

ವರದಿ ಬರುವವರೆಗೆ ಮಂಗಳ ದಿನಾ ಫೋನು ಮಾಡಿದಳು. "ಬಂತಾ ಸಾ?" ಅಷ್ಟೇ ಮಾತು. ಕೊನೆಗೊಂದು ದಿನ ನಾನೇ ಫೋನು ಮಾಡಿ, ಬರೀ ಸಿಸ್ಟ್, ಕ್ಯಾನ್ಸರ್ ಇಲ್ಲ ಎಂದೆ. ಆ ಕಡೆ ಫ್ಯಾಕ್ಟರಿಯ ಮೆಷಿನ್ ಸದ್ದು. ಆಮೇಲೆ "ಇಡ್ತೀನಿ ಸಾ" ಎಂದಳು.

ಸಿಸ್ಟ್ ಎಂದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಗೂಡಿನೊಳಗೆ ಸ್ಟೀರಾಯ್ಡ್ ಚುಚ್ಚಿ ಕಾಯಬೇಕು, ಬೇಕಾದರೆ ಮತ್ತೆ ಚುಚ್ಚಬೇಕು. ಅದು ನಿಧಾನವಾಗಿ ಮೂಳೆಯಿಂದ ತುಂಬಿಕೊಳ್ಳುತ್ತದೆ. ಅಲ್ಲಿಯವರೆಗೆ ಹುಷಾರು, ಮತ್ತೆ ಮುರಿಯಬಹುದು ಎಂದು ನಾನೇ ಹೇಳಿದ್ದೆ. ಚೇತನನಿಗೆ ಎರಡು ಸಲ ಚುಚ್ಚಬೇಕಾಯಿತು.

ಮರುವರ್ಷ ದೀಪಾವಳಿ ಹತ್ತಿರ ಬಂದಾಗ ಎಲ್ಲರೂ ಎಕ್ಸ್‌ರೇಗೆ ಬಂದರು. ಗೂಡು ತುಂಬಿತ್ತು, ಗೋಡೆ ದಪ್ಪವಾಗಿತ್ತು. "ಇನ್ನು ಮರ ಹತ್ತಲಿ, ಕಬಡ್ಡಿ ಆಡಲಿ," ಎಂದೆ. ಅಜ್ಜಿ ಕೈಮುಗಿದಳು. ಹೊರಡುವಾಗ ನೋಡುತ್ತೇನೆ, ಮಂಗಳ ಹುಡುಗನ ಅಂಗಿಯ ಕಾಲರ್ ಹಿಡಿದುಕೊಂಡು ನಡೆಸುತ್ತಿದ್ದಾಳೆ.

"ಅದೇನಮ್ಮ, ಕರು ಹಿಡಿದ ಹಾಗೆ?"

"ಕೈ ಮುಟ್ಟಲ್ಲ ಸಾ ಅವ್ಳು," ಎಂದಳು ಪುಟ್ಟತಾಯಮ್ಮ ತಗ್ಗಿದ ದನಿಯಲ್ಲಿ. "ವರ್ಷಾಯ್ತು. ರೋಡ್ ದಾಟ್ಸುವಾಗ್ಲೂ ಅಂಗೀನೆ ಇಡ್ಕತಾಳೆ. ನೀರ್ ಉಯ್ಯೋದೂ ನಾನೇ."

ನಾನು ಅವರನ್ನು ವಾಪಸ್ಸು ಕರೆದೆ. ಮಂಗಳನಿಗೆ ಎಡಗೈ ಹಿಡಿದು ಎಳೆಯಲು ಹೇಳಿದೆ. ಅವಳು ಗೋಡೆಯವರೆಗೆ ಹಿಂದೆ ಸರಿದಳು. "ಬ್ಯಾಡ ಸಾ. ಆ ಸದ್ದು ಇನ್ನೂ ಕಿವೀಲದೆ."

"ಇಡ್ಕವ್ವ," ಎಂದಳು ಅಜ್ಜಿ. "ನಾನೇ ಏಳ್ತಾವ್ನಿ, ಇಡ್ಕ."

ಚೇತನ ತಾನೇ ಹೋಗಿ ಎಡಗೈ ಚಾಚಿದ. "ಎಳಿಯವ್ವ, ಏನೂ ಆಗಲ್ಲ. ಸೀಗೆಪುಡಿ ಮಾತ್ರ ಬ್ಯಾಡ."

ಮಂಗಳ ಕಣ್ಣು ಮುಚ್ಚಿಕೊಂಡು ಮಣಿಕಟ್ಟು ಹಿಡಿದಳು, ಎಳೆದಳು. ಹುಡುಗ ನಗುತ್ತ ಅವಳ ಮೈಮೇಲೆ ಬಿದ್ದ. ಅವಳು ಅವನ ತೋಳನ್ನು ಭುಜದಿಂದ ಬೆರಳಿನವರೆಗೆ ಸವರಿ ಸವರಿ ನೋಡಿ, ಗಟ್ಟಿಯಾಗಿ ಅತ್ತಳು.

ನಾನೀಗ ನಿವೃತ್ತ, ನರಸೀಪುರದಲ್ಲಿ ಸಣ್ಣ ಕ್ಲಿನಿಕ್ ಇದೆ. ಮೂಳೆ ಕೂಡಿದ್ದನ್ನು ಎಕ್ಸ್‌ರೇ ನೋಡಿ ಹೇಳುವುದನ್ನು ಕಾಲೇಜು ಕಲಿಸಿತ್ತು, ಮಿಕ್ಕದ್ದನ್ನು ಮಂಗಳ ಕಲಿಸಿದಳು. ಮಗುವಿನ ಕೈ ವಾಸಿಯಾದ ಕೊನೆಯ ದಿನ, ಕರೆತಂದವರಿಗೇ ಆ ಕೈ ಹಿಡಿದು ಎಳೆಯಲು ಹೇಳುತ್ತೇನೆ. ಅವರು ಎಳೆಯುವವರೆಗೆ ಚೀಟಿಯಲ್ಲಿ ವಾಸಿಯಾಗಿದೆ ಎಂದು ಬರೆಯುವುದಿಲ್ಲ. ಅವರು ಎಳೆಯುವಾಗ ನಾನು ಪಕ್ಕದಲ್ಲೇ, ಉಸಿರು ಬಿಗಿಹಿಡಿದು ನಿಂತಿರುತ್ತೇನೆ.