ಮಿಶಿಗನ್‌ಗೆ ಹಚ್ಚಿದ ಕುಂಕುಮ

ನಾನು ಅಮೆರಿಕ ನೋಡಿಲ್ಲ. ಅಲ್ಲಿನ ಚುನಾವಣೆಗೂ ನನಗೂ ಏನೂ ಸಂಬಂಧವಿಲ್ಲ. ಆದರೂ ೨೦೧೬ರ ನವೆಂಬರ್ ತಿಂಗಳಿಡೀ ನಾನು ಅಡಿಲೇಡಿನಲ್ಲಿ ಸೂಟ್‌ಕೇಸ್ ತುಂಬಿಟ್ಟುಕೊಂಡು, ಅಮೆರಿಕದ ಮಿಶಿಗನ್ ಅನ್ನುವ ಒಂದು ರಾಜ್ಯದ ಫಲಿತಾಂಶಕ್ಕೆ ಕಾದು ಕುಳಿತಿದ್ದೆ. ಮೊಮ್ಮಕ್ಕಳೇ, ನಿಮ್ಮಲ್ಲಿ ಇಬ್ಬರು ಆಗಿನ್ನೂ ಹುಟ್ಟಿರಲಿಲ್ಲ. ಹುಟ್ಟುವವರಿದ್ದಿರಿ. ತೊಂದರೆ ಶುರುವಾದದ್ದೇ ಅಲ್ಲಿಂದ.

ನಿಮ್ಮ ತಾತ ಹೋದ ಮೇಲೆ ನಾನು ಅಡಿಲೇಡಿನ ಪ್ರಾಸ್ಪೆಕ್ಟಿನಲ್ಲಿ ದೊಡ್ಡ ಮಗಳ ಮನೆಯಲ್ಲಿದ್ದೆ. ಮಗ ಪರ್ತಿನ ಕ್ಯಾನಿಂಗ್ ವೇಲ್‌ನಲ್ಲಿ, ಚಿಕ್ಕ ಮಗಳು ಬ್ರಿಸ್ಬೇನಿನ ಸನ್ನಿಬ್ಯಾಂಕ್‌ನಲ್ಲಿ. ಆ ವರ್ಷ ಸೊಸೆಯೂ ಚಿಕ್ಕ ಮಗಳೂ ಒಟ್ಟಿಗೆ ಬಸುರಿಯಾದರು. ಇಬ್ಬರಿಗೂ ಚೊಚ್ಚಲು. ಇಬ್ಬರಿಗೂ ಡಾಕ್ಟರು ಕೊಟ್ಟದ್ದು ಡಿಸೆಂಬರಿನ ಒಂದೇ ವಾರ. ಬಾಣಂತನ ಮಾಡಲು ಇದ್ದವಳು ನಾನೊಬ್ಬಳು.

ಹೆಣ್ಣುಮಗಳ ಮೊದಲ ಹೆರಿಗೆ ತಾಯಿಯ ಪಾಲಿನದು. ನಮ್ಮ ಕಡೆ ಇದನ್ನು ಯಾರೂ ಕೇಳಿ ತಿಳಿಯಬೇಕಾಗಿಲ್ಲ. ಹಾಗೆ ನೋಡಿದರೆ ನಾನು ಬ್ರಿಸ್ಬೇನಿಗೆ ಹೋಗಬೇಕು. ಆದರೆ ಸೊಸೆಗೆ ತಾಯಿ ಇರಲಿಲ್ಲ. ಅವಳು ಪಿಯುಸಿ ಓದುವಾಗಲೇ ತೀರಿಕೊಂಡಿದ್ದರು. ಒಂದು ದಿನ ಅವಳು ಫೋನ್ ಮಾಡಿ, "ಅತ್ತೆ, ಬಾಣಂತಿಗೆ ಏನೇನ್ ಮಾಡಿ ಹಾಕ್ತಾರೆ, ಒಂದು ಪಟ್ಟಿ ಹೇಳಿ. ನಾನೇ ಈಗ್ಲೇ ಮಾಡಿ ಫ್ರೀಜರ್‌ನಲ್ಲಿ ಇಟ್ಕೊಂಡ್ಬಿಡ್ತೀನಿ" ಅಂದಳು. ತನ್ನ ಬಾಣಂತನದ ಸಾರನ್ನು ಬಸುರಿ ತಾನೇ ಮಾಡಿಟ್ಟುಕೊಳ್ಳುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಪಟ್ಟಿ ಹೇಳಿದೆ. ಅವಳು ಬರೆದುಕೊಂಡು, ಮೆಣಸು ಎಷ್ಟು ಅಂತ ಎರಡು ಸಲ ಕೇಳಿದಳು. ಆವತ್ತೇ ನನ್ನ ಮನಸ್ಸು ಪರ್ತಿಗೆ ಹೊರಟುಬಿಟ್ಟಿತ್ತು.

ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ನಾನು ಹೇಳುವವಳಲ್ಲ. ಊರಿನ ಶಾಲೆಯಲ್ಲಿ ಏಳು ವರ್ಷ ಓದಿದರೂ ಮೇಷ್ಟರಿಗೆ ನನ್ನ ದನಿ ಹೇಗಿದೆ ಅಂತ ಗೊತ್ತಿರಲಿಲ್ಲ. ಹಾಜರಿ ಕೂಗಿದಾಗ ಪಕ್ಕದವಳು ನನ್ನ ಪರವಾಗಿ "ಬಂದವಳೆ ಸಾ" ಅನ್ನುತ್ತಿದ್ದಳು.

ಪ್ರತಿ ಭಾನುವಾರ ಮೂರು ಊರಿನವರೂ ವೀಡಿಯೊದಲ್ಲಿ ಸೇರುತ್ತಿದ್ದೆವು. ಮೊದಲ ಭಾನುವಾರ ಮಗ, "ಅಮ್ಮ ಬ್ರಿಸ್ಬೇನ್‌ಗೇ ಹೋಗ್ಲಿ ಬಿಡು" ಅಂದ. ಚಿಕ್ಕವಳು, "ಛೆ, ಅತ್ತಿಗೆಗೆ ಯಾರಿದಾರೆ, ಅಲ್ಲಿಗೇ ಹೋಗ್ಲಿ" ಅಂದಳು. ಎಷ್ಟು ಒಳ್ಳೆಯ ಮಕ್ಕಳು ಅಂದುಕೊಂಡೆ. ಮೂರನೆಯ ಭಾನುವಾರದ ಹೊತ್ತಿಗೆ ಅದೇ ಮಾತು ಬೇರೆ ದನಿಯಲ್ಲಿ ಬರತೊಡಗಿತು.

"ಏನೋ ದೊಡ್ಡ ಉಪಕಾರ ಮಾಡ್ದೋನ ಥರ ಮಾತಾಡ್ಬೇಡ ಕಣೋ. ನಂಗೆ ಬೇಡ್ವೇ ಬೇಡ."

"ಬೇಡ ಅಂದ್ಕೊಂಡು ಅಳೋದ್ಯಾಕೆ ಮತ್ತೆ?"

ನಮ್ಮ ದೊಡ್ಡ ಅಳಿಯಂದಿರು ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಆ ಕಾಲಕ್ಕೆ ಅವರಿಗೆ ಅಮೆರಿಕದ ಚುನಾವಣೆಯ ಹುಚ್ಚು ಹಿಡಿದಿತ್ತು. ಊಟದ ತಟ್ಟೆಯ ಪಕ್ಕದಲ್ಲಿ ಲ್ಯಾಪ್‌ಟಾಪು, ಅದರ ತುಂಬ ಕೆಂಪು ನೀಲಿ ನಕ್ಷೆ, ಒಂದೊಂದು ಪಕ್ಷಕ್ಕೆ ಒಂದೊಂದು ಬಣ್ಣ. ಜಗಳದ ಮಧ್ಯೆ ತಲೆಯೆತ್ತಿ, "ಟಾಸ್ ಹಾಕ್ಬಿಡ್ರಪ್ಪ" ಅಂದರು.

"ಅಮ್ಮ ಏನು ಕ್ರಿಕೆಟ್ ಮ್ಯಾಚಾ ಭಾವ?" ಅಂದ ಮಗ.

"ಸರಿ, ಮಿಶಿಗನ್ ಇಟ್ಕೊಳ್ಳಿ ಹಂಗಾದ್ರೆ. ನಿಮ್ ಕೈಲೂ ಇಲ್ಲ, ಅವ್ಳ ಕೈಲೂ ಇಲ್ಲ. ನೀಲಿ ಬಂದ್ರೆ ಬ್ರಿಸ್ಬೇನು, ಕೆಂಪು ಬಂದ್ರೆ ಪರ್ತು. ಯಾರೂ ಯಾರ್ ಮೇಲೂ ಬೇಜಾರ್ ಮಾಡ್ಕೊಳ್ಳೋ ಹಂಗಿಲ್ಲ. ಬೇಕಾದ್ರೆ ಮಿಶಿಗನ್‌ನೋರ ಮೇಲೆ ಮಾಡ್ಕೊಳ್ಳಿ."

ಎಲ್ಲರೂ ನಕ್ಕರು. ನಕ್ಕ ಮೇಲೆ ಸುಮ್ಮನಾದರು. ಸುಮ್ಮನಾದ ಮೇಲೆ ನೋಡಿದರೆ ಎಲ್ಲರಿಗೂ ಅದು ಹಿಡಿಸಿಬಿಟ್ಟಿತ್ತು. ನೀಲಿ ಗೆಲ್ಲುತ್ತದೆ ಅಂತ ಟಿವಿಯವರೆಲ್ಲ ಹೇಳುತ್ತಿದ್ದ ಕಾಲ ಅದು. "ನೀಲಿ ನಂದು" ಅಂತ ಚಿಕ್ಕವಳು ಗಟ್ಟಿ ಮಾಡಿಕೊಂಡಳು. ಮಗ ದೊಡ್ಡತನ ತೋರಿಸಲು "ತಗೋ" ಅಂದ. ಪಕ್ಕದಲ್ಲಿ ಕುಳಿತಿದ್ದ ಸೊಸೆ ಅವನ ತೋಳು ಚಿವುಟಿದ್ದು ನಮಗೆಲ್ಲ ಕಾಣಿಸಿತು.

"ಅಮ್ಮ, ನಿಂಗೆ ಓಕೆನಾ?" ಅಂತ ದೊಡ್ಡವಳು ಕೇಳಿದಳು.

"ನಿಮ್ಮಿಷ್ಟ" ಅಂದೆ. ಆ ಒಂದು ಮಾತಿಗೆ ನಾನು ಒಂದು ತಿಂಗಳು ಅನುಭವಿಸಿದೆ.

ಎಣಿಕೆಯ ದಿನ ಬುಧವಾರ. ಅಳಿಯಂದಿರು ರಜ ಹಾಕಿದ್ದರು. ಅಡಿಲೇಡಿನ ಗಡಿಯಾರ ಬ್ರಿಸ್ಬೇನಿಗಿಂತ ಅರ್ಧ ಗಂಟೆ, ಪರ್ತಿಗಿಂತ ಎರಡೂವರೆ ಗಂಟೆ ಮುಂದೆ. ಹಾಗಾಗಿ ಫಲಿತಾಂಶ ಮೊದಲು ನಮಗೇ ತಿಳಿಯುತ್ತದೆ, ಅವರಿಗೆ ಹೇಳಲು ಧೈರ್ಯ ತಂದುಕೊಳ್ಳಲು ಅಷ್ಟು ಹೊತ್ತು ಸಿಗುತ್ತದೆ ಅಂತ ನಾನು ನಂಬಿಕೊಂಡಿದ್ದೆ. ಮೂರು ಊರಿಗೂ ಸುದ್ದಿ ಒಟ್ಟಿಗೇ ಬರುತ್ತದೆ ಅಂತ ದೊಡ್ಡವಳು ಬಿಡಿಸಿ ಹೇಳಬೇಕಾಯಿತು.

ಮಧ್ಯಾಹ್ನದಿಂದ ಒಂದೊಂದೇ ರಾಜ್ಯ ಬಣ್ಣ ಬದಲಿಸಿತು. ನೀಲಿ ಅಂದುಕೊಂಡಿದ್ದವು ಕೆಂಪಾದವು. ಫೋನಿನಲ್ಲಿ ಚಿಕ್ಕವಳ ದನಿ ಸಣ್ಣದಾಗುತ್ತ ಬಂತು, ಸೊಸೆಯ ದನಿ ದೊಡ್ಡದಾಗುತ್ತ ಬಂತು. ಮಿಶಿಗನ್ ಮಾತ್ರ ಬೂದಿ ಬಣ್ಣದಲ್ಲಿ ಹಾಗೇ ಇತ್ತು. ಎರಡೂ ಕಡೆಯವರು ಅಷ್ಟು ಹತ್ತಿರ ಹತ್ತಿರ ಇದ್ದಾರಂತೆ, ಹೇಳಲಾಗುವುದಿಲ್ಲವಂತೆ. ಸಂಜೆಗೆ ಇಡೀ ಅಮೆರಿಕಕ್ಕೆ ಅಧ್ಯಕ್ಷರು ಸಿಕ್ಕಿದರು. ನನಗೆ ಊರು ಸಿಕ್ಕಲಿಲ್ಲ.

"ಕೆಂಪಿನೋರೇ ಅಧ್ಯಕ್ಷರಾಗೋದ್ರಲ್ಲ, ಇನ್ನೇನು? ಅಮ್ಮ ಪರ್ತ್‌ಗೆ ಬರ್ಲಿ" ಅಂದ ಮಗ.

"ನಾವು ಇಟ್ಕೊಂಡಿದ್ದು ಅಧ್ಯಕ್ಷರನ್ನಲ್ಲ, ಮಿಶಿಗನ್‌ನ" ಅಂದಳು ಚಿಕ್ಕವಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಒಂದು ವಾರವಾಯಿತು. ಎರಡು ವಾರವಾಯಿತು. ಎಲ್ಲ ರಾಜ್ಯಗಳೂ ಮುಗಿದು ಇದೊಂದೇ ಉಳಿದಿತ್ತು. ನಿಮ್ಮಲ್ಲಿ ದೊಡ್ಡವಳು, ಅಡಿಲೇಡಿನವಳು, ಆಗ ಎರಡನೆಯ ತರಗತಿ. ಶಾಲೆಗೆ ಹೊರಡುವ ಮುಂಚೆ ಲ್ಯಾಪ್‌ಟಾಪು ನೋಡಿ "ಸ್ಟಿಲ್ ಗ್ರೇ, ಅಜ್ಜಿ" ಅಂತ ಹೇಳಿ ಹೋಗುತ್ತಿದ್ದಳು. ಬಾಣಂತಿಗೆಂದು ನಾನು ಮಾಡಿಟ್ಟಿದ್ದ ಅಂಟಿನುಂಡೆಯನ್ನು ಅಳಿಯಂದಿರು ಎಣಿಕೆ ನೋಡುತ್ತ ನೋಡುತ್ತ ಖಾಲಿ ಮಾಡಿದರು. ಇನ್ನೊಂದು ಸಲ ಮಾಡಿದೆ. ಅದೂ ಮುಗಿಯುತ್ತ ಬಂತು. ಪ್ರಾಸ್ಪೆಕ್ಟ್ ರೋಡಿನ ದಿನಸಿ ಅಂಗಡಿಗೆ ಕೊಬ್ಬರಿ ತರಲು ಹೋದರೆ ಅಂಗಡಿಯವರು, "ಏನ್ ಆಂಟಿ, ಮಿಶಿಗನ್ ಇನ್ನೂ ಬಂದಿಲ್ವಾ?" ಅಂತ ಕೇಳಿದರು. ಕನ್ನಡ ಸಂಘದವರು ತಿಂಗಳ ಕೊನೆಗೆ ಇಟ್ಟುಕೊಂಡಿದ್ದ ರಾಜ್ಯೋತ್ಸವದಲ್ಲಿ, ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ ಗುರುತಿಲ್ಲದ ಒಬ್ಬರು ಬಂದು, "ಮಿಶಿಗನ್ ಆಂಟಿ ನೀವೇ ಅಲ್ವಾ?" ಅಂದರು. ನಾನು ತಟ್ಟೆ ಹಿಡಿದುಕೊಂಡು ಕಂಬದ ಹಿಂದೆ ಹೋಗಿ ನಿಂತೆ.

ಚಿಕ್ಕವಳ ಕಾಲೇಜಿನ ಗೆಳತಿಯೊಬ್ಬಳು ಮಿಶಿಗನ್‌ನಲ್ಲೇ ಇದ್ದಾಳೆ ಅಂತ ಆಮೇಲೆ ತಿಳಿಯಿತು. ಹತ್ತು ವರ್ಷದಿಂದ ಮಾತಿಲ್ಲದವಳಿಗೆ ಇವಳು ಫೋನ್ ಮಾಡಿ, ವೋಟು ಹಾಕಿದೆಯಾ ಅಂತ ವಿಚಾರಿಸಿದ್ದಳು. ಅವಳಿಗೆ ವೋಟೇ ಇರಲಿಲ್ಲವಂತೆ. "ಅಲ್ಲಿದ್ಕೊಂಡು ಏನ್ ಮಾಡ್ತಿದಾಳೋ" ಅಂತ ಚಿಕ್ಕವಳು ಸಿಟ್ಟು ಮಾಡಿಕೊಂಡಳು.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ. ದೊಡ್ಡವಳ ಮನೆಯಲ್ಲಿ ಬಟ್ಟೆ ಮಡಿಸಿಡುವ ಕಪಾಟಿನ ಒಂದು ಅರೆಯಲ್ಲಿ ದೇವರು. ದಿನಾ ದೀಪ ಹಚ್ಚುವಾಗ ಮಿಶಿಗನ್ ಕೆಂಪಾಗಲಪ್ಪ ಅಂತ ಕೇಳಿಕೊಳ್ಳುತ್ತಿದ್ದೆ. ಕೆಂಪಿನ ಆ ಮನುಷ್ಯ ಯಾರು, ಒಳ್ಳೆಯವನೋ ಕೆಟ್ಟವನೋ, ಒಂದನ್ನೂ ನಾನು ವಿಚಾರಿಸಲಿಲ್ಲ. ನನಗೆ ಬೇಕಾದದ್ದು ಸೊಸೆಯ ಅಡುಗೆಮನೆ. ಆಮೇಲೆ ಒಂದು ಯೋಚನೆ ಬಂತು. ಇದು ನಮ್ಮ ಊರಿನ ದೇವರು. ಮಿಶಿಗನ್ ಎಲ್ಲಿದೆ ಅಂತ ಇದಕ್ಕೆ ಹೇಗೆ ಗೊತ್ತಾಗಬೇಕು? ಏಳನೆಯ ತರಗತಿಯಲ್ಲಿ ಚೌಕ ಎಳೆದು ನಕ್ಷೆ ಬರೆಯುವುದನ್ನು ಕಲಿಸಿದ್ದರು. ಮೊಮ್ಮಗಳ ಪುಸ್ತಕದ ಹಾಳೆಯಲ್ಲಿ ಚೌಕ ಎಳೆದು, ಲ್ಯಾಪ್‌ಟಾಪು ನೋಡಿಕೊಂಡು ಬರೆದೆ. ಹೆಬ್ಬೆರಳು ಅಗಲಿಸಿದ ಅಂಗೈ ಇದ್ದ ಹಾಗಿತ್ತು, ಮೇಲೊಂದು ಬೇರೆ ತುಂಡು. ಎರಡೂ ಅದರದೇ ಅಂತ ತಿಳಿಯಲೆಂದು ನಡುವೆ ಒಂದು ಗೆರೆ ಎಳೆದೆ. ದೇವರ ಮುಂದಿಟ್ಟು ಅದರ ಮೇಲೆ ಚಿಟಿಕೆ ಕುಂಕುಮ ಹಚ್ಚಿದೆ. ನಿಮ್ಮ ತಾತ ಹೋದ ಮೇಲೆ ನಾನು ಕುಂಕುಮದ ಬಟ್ಟಲಿಗೆ ಬೆರಳಿಟ್ಟಿರಲಿಲ್ಲ. ದಿನಾ ಹಚ್ಚಿದೆ. ನವೆಂಬರ್ ಮುಗಿಯುವಷ್ಟರಲ್ಲಿ ಹಾಳೆಯ ಮೇಲೆ ಮಿಶಿಗನ್ ಪೂರ್ತಿ ಕೆಂಪಾಗಿತ್ತು.

ಅಷ್ಟರಲ್ಲಿ ನಿಜವಾಗಿಯೂ ಕೆಂಪು ಅಂತಲೇ ಘೋಷಣೆಯಾಯಿತು. ಮಗ ಖುಷಿಯಲ್ಲಿ ಕೂಗಾಡಿದ, ಸೊಸೆ ಅತ್ತಳು. ಚಿಕ್ಕವಳು ಮಾರನೆಯ ದಿನ ನನ್ನೊಬ್ಬಳಿಗೇ ಫೋನ್ ಮಾಡಿದಳು.

"ಅಮ್ಮ, ನೀನ್ ಬೇಜಾರ್ ಮಾಡ್ಕೋಬೇಡ. ನನ್ ಹತ್ರ ಬರ್ಬೇಕು ಅಂತ ನಿಂಗೆ ಎಷ್ಟು ಆಸೆ ಇತ್ತು ಅಂತ ನಂಗೊತ್ತು. ನೀನೇನ್ ಮಾಡೋಕಾಗತ್ತೆ ಹೇಳು. ಮಿಶಿಗನ್‌ನೋರು ಹಂಗ್ ಮಾಡ್ಬಿಟ್ರು."

"ಹೂಂ ಕಣಮ್ಮ" ಅಂದೆ. ಫೋನ್ ಇಟ್ಟ ಮೇಲೆ ಆ ದಿನ ನನಗೆ ಊಟ ಸೇರಲಿಲ್ಲ.

ಅಲ್ಲಿಗಾದರೂ ಮುಗಿಯಬೇಕಿತ್ತು. ಎರಡು ದಿನಕ್ಕೆ ಅಳಿಯಂದಿರು, ಮರುಎಣಿಕೆ ಕೇಳಿದ್ದಾರೆ ಅಂದರು. ಚಿಕ್ಕವಳಿಗೆ ಮತ್ತೆ ಜೀವ ಬಂತು. "ಅಮ್ಮ, ಟಿಕೆಟ್ ಮಾಡಿಸ್ಬೇಡ, ಇನ್ನೂ ಎಣಿಸ್ತಾರೆ" ಅಂದಳು. ಹೆರಿಗೆಗೆ ಎರಡು ವಾರ ಇತ್ತು. ನಾನು ಹಾಳೆಯ ಮೇಲೆ ಇನ್ನೊಂದು ಚಿಟಿಕೆ ಹಾಕಿದೆ.

ಆ ಭಾನುವಾರ ಮೂರು ಊರೂ ಸೇರಿದ್ದೆವು. ಅಳಿಯಂದಿರು ಮರುಎಣಿಕೆಯ ನಿಯಮ ವಿವರಿಸುತ್ತಿದ್ದರು. ಅಡಿಲೇಡಿನ ಮೊಮ್ಮಗಳು ಕಪಾಟಿನ ಕಡೆಯಿಂದ ಓಡಿಬಂದು ಹಾಳೆಯನ್ನು ಕ್ಯಾಮೆರಾದ ಮುಂದೆ ಹಿಡಿದಳು.

"ಲುಕ್! ಅಜ್ಜೀಸ್ ಮಿಶಿಗನ್ ಈಸ್ ಆಲ್ರೆಡಿ ರೆಡ್! ಶಿ ಡಸ್ ಇಟ್ ಎವ್ರಿ ಡೇ!"

ಮಗ ಬಿದ್ದು ಬಿದ್ದು ನಕ್ಕ. ಅಳಿಯಂದಿರು, "ಅತ್ತೆ ಬೂತ್ ಕ್ಯಾಪ್ಚರ್ ಮಾಡ್ಬಿಟ್ಟಿದಾರೆ" ಅಂದರು. ಹಾಳೆಯಿಂದ ಕುಂಕುಮ ಉದುರಿ ಲ್ಯಾಪ್‌ಟಾಪಿನ ಮೇಲೆಲ್ಲ ಬಿತ್ತು. ಚಿಕ್ಕವಳು ನಗಲಿಲ್ಲ.

"ಅಮ್ಮ, ನಿಂಗೆ ಪರ್ತ್‌ಗೆ ಹೋಗ್ಬೇಕಿತ್ತಾ?"

ಯಾರಾದರೂ ನನ್ನ ಪರವಾಗಿ ಮಾತಾಡುತ್ತಾರೇನೋ ಅಂತ ಕಾದೆ. ಯಾರೂ ಆಡಲಿಲ್ಲ.

"ಹೂಂ" ಅಂದೆ. "ಮೊದಲಿಂದಲೂ. ಅವಳಿಗೆ ತಾಯಿ ಇಲ್ಲ ಕಣೇ."

"ನಂಗೆ ಇದಾಳಲ್ಲ? ಇದ್ದೂ ಬರಲ್ಲ ಅಂತಾಳಲ್ಲ, ಅದಕ್ಕೇನ್ ಮಾಡ್ಲಿ?"

"ಅತ್ತೆ ಅಲ್ಲಿಗೇ ಹೋಗ್ಲಿ" ಅಂತ ಸೊಸೆ ಪರ್ತಿನಿಂದ ಮೆಲ್ಲಗೆ ಅಂದಳು. "ನಾನ್ ಎಲ್ಲಾ ಮಾಡಿಟ್ಕೊಂಡಿದೀನಿ."

"ಅದಕ್ಕೇ ನಾನು ಬರ್ತಿರೋದು" ಅಂದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ನನಗೇ ಗಾಬರಿಯಾಯಿತು. "ನಲವತ್ತು ದಿನ ಆದ್ಮೇಲೆ ಬ್ರಿಸ್ಬೇನ್‌ಗೆ ಬರ್ತೀನಿ. ಯಾವ ಬಣ್ಣ ಬೇಕಾದ್ರೂ ಬರ್ಲಿ."

"ಟೆಕ್ನಿಕಲಿ ಕೋರ್ಟಲ್ಲಿ ಇನ್ನೂ..." ಅಂತ ಅಳಿಯಂದಿರು ಶುರು ಮಾಡಿದರು.

"ರೀ, ಸುಮ್ನಿರ್ತೀರಾ?" ಅಂದಳು ದೊಡ್ಡವಳು.

ಪರದೆಯಲ್ಲಿ ಚಿಕ್ಕವಳ ಚೌಕ ಕಪ್ಪಾಯಿತು. ಅವಳು ಫೋನ್ ಕಡಿದಿದ್ದಳು.

ಮರುಎಣಿಕೆಯನ್ನು ಕೋರ್ಟು ನಿಲ್ಲಿಸಿತು ಅಂತ ಅಳಿಯಂದಿರು ನನ್ನನ್ನು ಏರ್‌ಪೋರ್ಟಿಗೆ ಕರೆದೊಯ್ಯುವಾಗ ಕಾರಿನಲ್ಲಿ ಹೇಳಿದರು.

ಪರ್ತಿನಲ್ಲಿ ಸೊಸೆಯ ಫ್ರೀಜರ್ ತೆಗೆದು ನೋಡಿದೆ. ಒಂದೊಂದು ಡಬ್ಬಿಗೂ ಚೀಟಿ ಅಂಟಿಸಿದ್ದಳು: ಮೊದಲ ವಾರ, ಎರಡನೆಯ ವಾರ. ಸಾರಿನಲ್ಲಿ ಮೆಣಸು ಜಾಸ್ತಿಯಾಗಿತ್ತು. ಪರ್ತಿನವನೇ, ಮೊದಲು ಹುಟ್ಟಿದವನು ನೀನು. ನಾಲ್ಕು ದಿನಕ್ಕೆ ನೀನು, ಬ್ರಿಸ್ಬೇನಿನವಳೇ. ಸುದ್ದಿ ಹೇಳಿದ್ದು ಕಿರಿಯ ಅಳಿಯಂದಿರು. ನಿನ್ನಮ್ಮ ಫೋನಿಗೆ ಬರಲಿಲ್ಲ. ಮಲಗಿದ್ದಾಳೆ ಅಂದರು. ನಾನು ದಿನಾ ಮಾಡುತ್ತಿದ್ದೆ, ಅವಳು ದಿನಾ ಮಲಗಿರುತ್ತಿದ್ದಳು.

ಹನ್ನೆರಡನೆಯ ದಿನವೋ ಏನೋ, ನಾನು ಕಾಲು ಚಾಚಿ ಕುಳಿತು, ಪರ್ತಿನವನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದೆ. ಕಿರಿಯ ಅಳಿಯಂದಿರಿಂದ ವೀಡಿಯೊ ಬಂತು. ಮಗ ಫೋನನ್ನು ನನ್ನ ಮುಖಕ್ಕೆ ಹಿಡಿದ. ಅಲ್ಲಿ ನೋಡಿದರೆ, ಕಂಪನಿಯಲ್ಲಿ ದೊಡ್ಡ ಎಂಜಿನಿಯರಾಗಿದ್ದ ಆ ಮನುಷ್ಯ ಚಡ್ಡಿ ಹಾಕಿಕೊಂಡು, ಖಾಲಿ ಬಾತ್‌ಟಬ್ಬಿನೊಳಗೆ ಕಾಲು ಚಾಚಿ ಕುಳಿತಿದ್ದರು. ಕಾಲ ಮೇಲೆ ನೀನು, ಬ್ರಿಸ್ಬೇನಿನವಳೇ, ಗಂಟಲು ಕಿತ್ತು ಹೋಗುವಂತೆ ಅಳುತ್ತಿದ್ದೆ.

"ಅತ್ತೆ, ಮುಂದೆ ಏನ್ ಮಾಡ್ಬೇಕು?"

ಅಳಿಯಂದಿರ ಎದುರು ನಾನು ಅವತ್ತಿನವರೆಗೆ ದನಿ ಎತ್ತಿ ಮಾತಾಡಿದವಳಲ್ಲ. "ತಲೆ ಕಡೆ ಎತ್ತರ ಇರ್ಲಿ, ಕಿವಿಗೆ ನೀರು ಹೋಗದ ಹಾಗೆ ಕೈ ಅಡ್ಡ ಹಿಡೀರಿ" ಅಂತ ಕೂಗಿದೆ. ಇಲ್ಲಿ ನನ್ನ ಕಾಲ ಮೇಲಿದ್ದವನೂ ಅಳಲು ಶುರು ಮಾಡಿದ. ಎರಡು ಊರಿನ ಅಳುವಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದಂತಾಯಿತು.

ಆಗ ಬ್ರಿಸ್ಬೇನಿನ ಫೋನ್ ಅಲುಗಾಡಿತು. ಅದನ್ನು ಇಷ್ಟು ಹೊತ್ತೂ ಹಿಡಿದುಕೊಂಡಿದ್ದವರು ಯಾರು ಅಂತ ನನಗೆ ಆಗಲೇ ಹೊಳೆದದ್ದು.

"ಅಮ್ಮ," ಅಂದಳು ಚಿಕ್ಕವಳು, "ಬರೀ ನಿನ್ ಮುಖ ಕಾಣ್ತಿದೆ. ಫೋನ್ ಕೆಳಗೆ ಹಿಡಿಯಕ್ಕೆ ಹೇಳು ಅವನಿಗೆ. ನಿನ್ ಕೈ ನೋಡ್ಬೇಕು ನಾನು."

ಮಗ ಫೋನನ್ನು ಕೆಳಗೆ ಹಿಡಿದ. ನಾನು ಮೊದಲಿನಿಂದ, ನಿಧಾನವಾಗಿ, ಮತ್ತೊಮ್ಮೆ ಎಣ್ಣೆ ಹಚ್ಚತೊಡಗಿದೆ.