ಹೇಳದೆ ಬಿಟ್ಟ ಸಪ್ಪಳ

ಹೋದ ತಿಂಗಳು ನನ್ನ ಹಿರಿಯ ಮಗಳು ರಾಣೆಬೆನ್ನೂರಿನ ಗಂಡನ ಮನೆಯಿಂದ ಬ್ಯಾಡಗಿಗೆ ಬಂದಳು. ಮೊಲೆಯಲ್ಲಿ ಅಡಿಕೆಯಷ್ಟು ಗಂಟು ಕೈಗೆ ಹತ್ತಿದೆ, ಸ್ಕ್ಯಾನಿನಲ್ಲಿ ನೋಡುತ್ತ ಸೂಜಿ ಹಾಕಿ ಒಂದಿಷ್ಟು ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದು ಡಾಕ್ಟರು ಹೇಳಿ ಇಪ್ಪತ್ತು ದಿನವಾಗಿತ್ತು. ಆಕೆ ಹೋಗಿರಲಿಲ್ಲ.

"ನಮ್ಮವ್ವನಂಥಾಕಿನ ಅಂಜಿ ಎದ್ದು ಬಂದಾಳ. ನನ್ನ ಕೈಲೆ ಆಗತೈತೇನು?" ಎಂದಳು.

ಅವ್ವ ಅಂಜಿ ಎದ್ದು ಬಂದ ಕಥೆಯನ್ನು ನಮ್ಮ ಮನೆಯಲ್ಲಿ ಹುಟ್ಟಿಸಿದವನು ನಾನು. ಆರೇಳು ವರ್ಷ ಅದನ್ನು ಹೇಳಿ ನಗಿಸಿದವನೂ ನಾನೇ. ಅದರಲ್ಲಿ ಮುಖ್ಯವಾದ ಮಾತನ್ನು ನಾನು ಮುಚ್ಚಿಟ್ಟಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ದನದ ಸಂತೆಯ ದಲ್ಲಾಳಿ. ಮೆಟ್ರಿಕ್ ಆದಮೇಲೆ ಬೇರೆ ಕೆಲಸ ಸಿಗಲಿಲ್ಲ, ಅಪ್ಪನ ಹಿಂದೆ ಸಂತೆಗೆ ಹೋದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಯಾವ ಸಂತೆಯಲ್ಲೂ ನಾವು ದರವನ್ನು ಬಾಯಿಬಿಟ್ಟು ಹೇಳುವವರಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈ ಮೇಲೆ ಹೊದಿಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ಒತ್ತುತ್ತೇವೆ. ಸುತ್ತ ನೂರು ಜನ ನಿಂತಿದ್ದರೂ ಇಬ್ಬರಿಗಷ್ಟೇ ತಿಳಿಯುತ್ತದೆ.

ಮದುವೆಯಾದ ಹೊಸದರಲ್ಲಿ ಹೆಂಡತಿಗೂ ಅದನ್ನು ಕಲಿಸಿದ್ದೆ. ಸಂತೆಯಿಂದ ಮಂದಿಯನ್ನು ಕರೆದುಕೊಂಡು ಬಂದಾಗ ಆಕೆ ನೀರಿನ ತಂಬಿಗೆ ಕೊಡುವ ನೆವದಲ್ಲಿ ನನ್ನ ವಲ್ಲಿಯ ಕೆಳಗೆ ಕೈ ಇಡುತ್ತಿದ್ದಳು. ಊಟಕ್ಕೆ ಎಷ್ಟು ಜನ ಎಂದು ಕೇಳುವ ಬಗೆ ಅದು. ನಾನು ಮೂರು ಬೆರಳು ಒತ್ತಿದರೆ ಒಳಗೆ ಮೂವರಿಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತಿತ್ತು. ಇಂಥ ಮಾತಿನಲ್ಲೇ ನಮ್ಮ ಸಂಸಾರ ನಡೆದುಬಿಟ್ಟಿತು. ಬಾಯಿಂದ ಆಡಬೇಕಾದ ಮಾತು ನನಗೆ ಅಭ್ಯಾಸವಾಗಲಿಲ್ಲ.

ಆರೇಳು ವರ್ಷದ ಹಿಂದೆ ಆಕೆಗೂ ಮೊಲೆಯಲ್ಲಿ ಇಂಥದೇ ಗಂಟು ಕಂಡಾಗ ಬ್ಯಾಡಗಿಯ ಲೇಡಿ ಡಾಕ್ಟರು ಹಾವೇರಿಯ ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟರು. ಅಲ್ಲಿ ಸಹಿ ಹಾಕಲು ನನ್ನನ್ನು ಒಳಗಿನ ಕೋಣೆಗೆ ಕರೆದರು. ಹೆಂಡತಿ ಹೊರಗೆ ಬೆಂಚಿನ ಮೇಲಿದ್ದಳು. ಸಿಸ್ಟರ್ ಎಳೆಯ ಹುಡುಗಿ, ನನ್ನ ಕಿರಿಯ ಮಗಳ ವಯಸ್ಸು.

"ಯಜಮಾನ್ರ, ಲಕ್ಷ್ಯಗೊಟ್ಟು ಕೇಳ್ರಿ. ಅಂಗಾತ ಮಲಗಸ್ತೀವಿ. ಕೈ ತಲಿ ಮ್ಯಾಲ ಇಟಗೊಳ್ಳಬೇಕು. ತಣ್ಣನ ಜೆಲ್ ಹಚ್ಚಿ, ಟಿವಿ ಹಂಗಿರೂ ಪರದೆದಾಗ ಡಾಕ್ಟರು ಗಂಟು ನೋಡ್ತಾರ. ಮೊದಲ ಮರಗಟ್ಟೂ ಇಂಜೆಕ್ಷನ್. ಅದು ಉರೀತೈತಿ, ಒಂದೀಟ ಹೊತ್ತು. ಆಮ್ಯಾಲ ಚರ್ಮಕ್ಕ ಸಣ್ಣ ಗಾಯ ಮಾಡಿ ಸೂಜಿ ಹಾಕ್ತಾರ. ತುಣುಕು ತಗಿಯುವಾಗ ಟಕ್ ಅಂತ ಜೋರ ಸಪ್ಪಳ ಆಗತೈತಿ. ಆ ಸಪ್ಪಳಕ್ಕ ಭಾಳ ಮಂದಿ ಬೆಚ್ಚಿ ಬೀಳ್ತಾರ, ನೋವಿಗಲ್ಲ. ನಾಕೈದು ಸಲ ಹಂಗ ಆಗತೈತಿ. ಅಳ್ಳಾಡಬಾರದು. ಇಷ್ಟೂ ಅವರಿಗೆ ಹೇಳ್ರಿ. ನಾ ಒಳಗ ತಯಾರಿ ಮಾಡ್ಕೊಂತೇನಿ."

"ಹೇಳತೇನವಾ," ಎಂದು ಸಹಿ ಹಾಕಿದೆ.

ಹೊರಗೆ ಬಂದರೆ ಬೆಂಚಿನ ಆ ತುದಿಯಲ್ಲಿ ರಾಣೆಬೆನ್ನೂರು ಸಂತೆಯ ಒಬ್ಬ ದನದ ವ್ಯಾಪಾರಿ ಕುಳಿತಿದ್ದ. ಅವನ ಅಣ್ಣನಿಗೆ ಕಿಡ್ನಿಯಲ್ಲಿ ಹರಳಂತೆ. "ಏನ ಸಾಹುಕಾರ್ರ, ಇಲ್ಲಿ? ವೈನೀಗೆ ಏನಾಗೇತ್ರಿ?" ಎಂದು ಕೇಳಿದ.

"ಏನಿಲ್ಲೋ. ಗ್ಯಾಸ್," ಎಂದೆ.

ಹೆಂಡತಿ ನನ್ನ ಮುಖ ನೋಡಿದಳು. ನಾನು ಪಕ್ಕದಲ್ಲಿ ಕುಳಿತಾಗ ಅವಳ ಕೈ ಮೆಲ್ಲಗೆ ನನ್ನ ವಲ್ಲಿಯ ಕೆಳಗೆ ಬಂತು. ಬೆರಳು ತಣ್ಣಗಿದ್ದವು. ಒಳಗೆ ಏನು ಹೇಳಿದರು ಎಂದು ಕೇಳುತ್ತಿದ್ದಳು. ನಾನು ನಾಲ್ಕು ಬೆರಳು ಒತ್ತಿದ್ದರೂ ಏನೋ ನಾಲ್ಕು ಸಲ ಇದೆ ಎಂದಾದರೂ ತಿಳಿಯುತ್ತಿತ್ತು. ವ್ಯಾಪಾರಿಯ ಕಣ್ಣು ನನ್ನ ವಲ್ಲಿಯ ಮೇಲಿತ್ತು. ಈ ವಯಸ್ಸಿನಲ್ಲಿ ಗಂಡ ಹೆಂಡತಿ ಬೆರಳು ಹಿಡಿದು ಕುಳಿತದ್ದನ್ನು ಸಂತೆಯಲ್ಲೆಲ್ಲ ಸಾರುತ್ತಾನೆ ಅನ್ನಿಸಿತು. ಕೈ ಎಳೆದುಕೊಂಡೆ.

"ಏನಂದ್ರು?" ಎಂದು ಬಾಯಿಬಿಟ್ಟೇ ಕೇಳಿದಳು.

"ಏನಿಲ್ಲ. ಫೋಟೋ ತಗೀತಾರ."

ಅಷ್ಟರಲ್ಲಿ ಸಿಸ್ಟರ್ ಬಾಗಿಲಿಗೆ ಬಂದು "ಎಲ್ಲಾ ಹೇಳಿದ್ರೇನ್ರಿ?" ಎಂದಳು. ಹೇಳಿದೆ ಎಂದು ತಲೆಯಾಡಿಸಿದೆ.

ಹೆಂಡತಿ ಒಳಗೆ ಹೋದಳು. ನಾನು ವ್ಯಾಪಾರಿಯ ಜೊತೆ ಹೋರಿಗಳ ಮಾತು ತೆಗೆದೆ. ಹಲ್ಲು ಮೂಡದ ಹೋರಿಯ ಸುದ್ದಿ ಹೇಳುತ್ತಿದ್ದಾಗಲೇ ಒಳಗಿನಿಂದ "ಯವ್ವಾ!" ಎಂದು ಅವಳ ದನಿ ಕೇಳಿತು. ಹಿಂದೆಯೇ ತಟ್ಟೆ ಬಿದ್ದ ಸದ್ದು.

ಫೋಟೋ ಎಂದುಕೊಂಡು ಮಲಗಿದವಳು ಇಂಜೆಕ್ಷನ್ನಿನ ಉರಿಯನ್ನು ಹಲ್ಲು ಕಚ್ಚಿ ತಡೆದಿದ್ದಳು. ಟಕ್ ಎಂದಾಗ ತನ್ನ ಎದೆಯೊಳಗೇ ಏನೋ ಒಡೆಯಿತು ಎಂದು ತಿಳಿದು ಎದ್ದು ಕುಳಿತಳಂತೆ. ಇದನ್ನೆಲ್ಲ ಆಮೇಲೆ ಅವಳೇ ಹೇಳಿದಳು. ಡಾಕ್ಟರು ಗಾಯ ಒತ್ತಿ ಹಿಡಿದು ಪಟ್ಟಿ ಹಾಕಿದರು. ತುಣುಕು ಸರಿಯಾಗಿ ಸಿಕ್ಕಿಲ್ಲ, ಒಳಗೆ ರಕ್ತ ಕಟ್ಟಿದೆ, ಹತ್ತು ದಿನ ಬಿಟ್ಟು ಬನ್ನಿ ಎಂದರು.

ಸಿಸ್ಟರ್ ಅವಳನ್ನು ಹೊರಗೆ ಕರೆತಂದು ಕೇಳಿದಳು. "ಅಮ್ಮಾ, ಸಪ್ಪಳ ಆಗತೈತಿ ಅಂತ ಯಜಮಾನ್ರಿಗೆ ಅಷ್ಟು ಹೇಳಿ ಕಳಿಸಿದ್ದೆ. ಅವರು ನಿಮಗ ಹೇಳಲಿಲ್ಲೇನು?"

ನಾನು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡೆ.

"ಹೇಳಿದ್ರವಾ," ಎಂದಳು ಹೆಂಡತಿ. "ಎಲ್ಲಾ ಹೇಳಿದ್ರು. ನಾನ ಮರತೆ."

ಆ ಎರಡು ಮಾತು ಈಗಲೂ ನನ್ನ ಕಿವಿಯಲ್ಲಿವೆ. ನನ್ನ ಮಾನ ಕಾಯಲು ತಾನು ಅಂಜುಬುರುಕಿಯಾದಳು. ಮನೆಗೆ ಬಂದ ಮೇಲಾದರೂ ನಾನು ಖರೇ ಹೇಳಬಹುದಿತ್ತು. ಮಕ್ಕಳು ಏನಾಯಿತು ಎಂದು ಕೇಳಿದಾಗ "ನಿಮ್ಮವ್ವ ಸೂಜಿ ನೋಡಿ ಎದ್ದು ಬಂದ್ಲು" ಎಂದೆ. ಮಕ್ಕಳು ನಕ್ಕರು. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಹತ್ತು ದಿನ ಕಳೆಯಿತು. ಆಕೆ ಹೋಗುವುದಿಲ್ಲ ಎಂದಳು. ಹದಿನೈದನೆಯ ದಿನ ಹಿತ್ತಲಲ್ಲಿ ಆಕೆ ಶೇಂಗಾ ಸುಲಿಯುತ್ತಿದ್ದಾಗ ನಾನು ಎದುರು ಕುಳಿತು, ತಲೆ ಎತ್ತದೆ, ಸಿಸ್ಟರ್ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಜೆಲ್, ಇಂಜೆಕ್ಷನ್, ಸಪ್ಪಳ, ನಾಲ್ಕೈದು ಸಲ.

ಅವಳ ಕೈ ನಿಂತಿತು. "ಇಷ್ಟ ಐತೇನು? ಇದನ್ನ ಹೇಳಾಕ ನಿಮಗ ಹದಿನೈದು ದಿನ ಬೇಕಾತು? ಎತ್ತಿನ ಹಲ್ಲು ಎಣಿಸಿ ಹೇಳಾಕ ಬರತೈತಿ, ಹೆಂಡ್ತಿಗೆ ಹೇಳಾಕ ಬರೂದಿಲ್ಲ."

ಮರುದಿನ ಹೋದಳು. ಅಳ್ಳಾಡದೆ ಮಲಗಿದಳು. ಐದು ಸಲ ಟಕ್ ಎಂದಿತಂತೆ, ತಾನೇ ಎಣಿಸಿದಳಂತೆ. ಆಮೇಲೆ ಹತ್ತು ನಿಮಿಷ ಒತ್ತಿ ಹಿಡಿದು, ಮೇಲೆ ಐಸ್ ಇಟ್ಟು, ಪಟ್ಟಿ ಹಾಕಿದರು. ಎರಡು ದಿನ ಕೊಡ ಎತ್ತಬಾರದು ಎಂದರು. ನೀರು ನಾನು ತಂದೆ. ಗಾಯದ ಸುತ್ತ ನೇರಳೆ ಬಣ್ಣ ಎರಡು ವಾರ ಇತ್ತು. ತುಣುಕುಗಳು ಹುಬ್ಬಳ್ಳಿಗೆ ಹೋಗಿ ಎಂಟು ದಿನಕ್ಕೆ ವರದಿ ಬಂತು. ಕ್ಯಾನ್ಸರ್ ಅಲ್ಲ ಎಂದಿತ್ತು.

ಒಳ್ಳೆಯ ವರದಿ ಬಂದದ್ದರಿಂದ ನನ್ನ ತಪ್ಪು ಅದರ ಅಡಿಗೆ ಸೇರಿಹೋಯಿತು. ಆಕೆ ಎರಡನೆಯ ಸಲ ಕಲ್ಲಿನಂತೆ ಮಲಗಿದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಮೊದಲ ಸಲದ ಕಥೆಯನ್ನೇ ಹಬ್ಬಕ್ಕೆ, ಮದುವೆಗೆ, ನೆಂಟರ ಮುಂದೆ ಹೇಳಿದೆ. ಅವಳು ಒಮ್ಮೆಯೂ ಎದುರಾಡಲಿಲ್ಲ. ಈಗ ಅದೇ ಕಥೆ ಮಗಳನ್ನು ಇಪ್ಪತ್ತು ದಿನ ತಡೆದಿತ್ತು.

ಅಂದು ಮಗಳ ಮುಂದೆ ಎಲ್ಲ ಹೇಳಿದೆ. ಹೇಳುವಾಗ ಎರಡು ಸಲ ನೀರು ಕುಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಎದ್ದು ಅಡಿಗೆಮನೆಗೆ ಹೋಗಿ ಕೇಳಿದಳು.

"ಅವ್ವಾ, ಖರೇನ? ಮತ್ಯಾಕ ಇಷ್ಟ ವರ್ಷ ಸುಮ್ಮನಿದ್ದಿ?"

"ನಿಮ್ಮಪ್ಪನ ಹೇಳ್ಲಿ ಅಂತ."

ಮೂರನೆಯ ದಿನ ತಾಯಿ ಮಗಳು ಹಾವೇರಿಗೆ ಹೊರಟರು. ನನ್ನನ್ನು ಬಾ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಬ್ಯಾಡಗಿ ಬಸ್ ನಿಲ್ದಾಣದವರೆಗೆ ಚೀಲ ಹಿಡಿದು ಹೋದೆ. ಮೆಣಸಿನಕಾಯಿ ಪೇಟೆಯ ದಿನ, ನಿಲ್ದಾಣ ತುಂಬಿತ್ತು. ಇಬ್ಬರೂ ಕಿಟಕಿಯ ಪಕ್ಕ ಕುಳಿತರು. ನನಗೆ ಏನಾದರೂ ಹೇಳಬೇಕೆನ್ನಿಸಿ ವಲ್ಲಿಯನ್ನು ಕೈ ಮೇಲೆ ಹಾಕಿ ಕಿಟಕಿಯ ಸರಳಿನ ಬಳಿ ಚಾಚಿದೆ.

ಹೆಂಡತಿ ವಲ್ಲಿಯನ್ನು ಎಳೆದು ನನ್ನ ಹೆಗಲಿಗೇ ಹಾಕಿದಳು. "ಬಾಯಿಲೆ ಹೇಳ್ರಿ. ಆಕಿಗೆ ಹೇಳ್ರಿ."

ಹಿಂದೆ ಪರಿಚಯದವರು ನಿಂತಿದ್ದರು. "ಮರಗಟ್ಟೂ ಇಂಜೆಕ್ಷನ್ ಒಂದೀಟ ಉರೀತೈತಿ, ಮಗಳ," ಎಂದೆ. "ಆಮ್ಯಾಲ ಟಕ್ ಅಂತೈತಿ. ನಾಕೈದು ಸಲ. ಅದಕ್ಕ ಅಂಜಬ್ಯಾಡ. ನಿಮ್ಮವ್ವ ಅಂಜಿದಾಕಿ ಅಲ್ಲ."

ಕಂಡಕ್ಟರ್ ಸೀಟಿ ಊದಿದ. ಮಗಳು ಆಗ ಮೊದಲ ಸಲ ನನ್ನ ಮುಖ ನೋಡಿದಳು. ನಗಲಿಲ್ಲ. ಬಸ್ಸು ಹೋಯಿತು.