ಸೇತುವೆಯ ಮೇಲೆ ಕುರಿ ಹಿಂಡು, ದಡದಲ್ಲಿ ನಾನು

ಮೂಡಲಗಿ ಕಡೆಗೆ ಹೋಗುವ ಒಂದು ಹಳೆಯ ಸೇತುವೆಯ ಕಂಬಗಳಿಗೆ ಸೆನ್ಸರ್ ಕೂರಿಸಿದವನು ನಾನು. ಕಂಬ ಕೂದಲೆಳೆಯಷ್ಟು ವಾಲಿದರೂ ಅದರ ಅಂಕಿ ನನ್ನ ಫೋನಿಗೆ ಬರುತ್ತಿತ್ತು. ಹುಕ್ಕೇರಿಯ ನಮ್ಮ ಓಣಿಯಲ್ಲಿ ಅವ್ವ, 'ನನ್ನ ಮಗಾ ಪೂಲಿನ ಡಾಕ್ಟರ್ ಅದಾನ' ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಪೂಲು ಅಂದರೆ ನಮ್ಮ ಕಡೆ ಸೇತುವೆ. ಹೊಲದ ಕೂಲಿ ಮಾಡಿ ಓದಿಸಿದವಳು, ಹೇಳಿಕೊಳ್ಳಲಿ ಬಿಡಿ. ಆದರೆ ಆ ಗತ್ತು ನನ್ನ ತಲೆಗೂ ಏರಿತ್ತು.

ಒಂದು ಮಳೆಗಾಲದಲ್ಲಿ, ರಾತ್ರಿಯೆಲ್ಲ ಸೇತುವೆಯ ಮೇಲೆ ಹರಿದ ಹೊಳೆ ಬೆಳಗಾಗುವಷ್ಟರಲ್ಲಿ ಇಳಿದಿತ್ತು. ರಸ್ತೆಗೆ ಅಡ್ಡ ಇಟ್ಟ ಬ್ಯಾರಿಕೇಡಿನ ಹತ್ತಿರ ನನ್ನ ಮೇಲಧಿಕಾರಿ, ಹೊಳೆ ನೋಡಲು ಬಂದ ಊರ ಮಂದಿಯ ಜೊತೆ ನಿಂತಿದ್ದೆ. ಕುರಿಗಾರನೊಬ್ಬ ಬಂದ. ಹಿಂದೆ ಕುರಿ ಹಿಂಡು, ಸಾಮಾನು ಹೇರಿದ ಕುದುರೆ, ಕೂಸು ಎತ್ತಿಕೊಂಡ ಹೆಂಡತಿ. ಆಚೆ ದಡದ ರೈತನ ಹೊಲದಲ್ಲಿ ಗೊಬ್ಬರಕ್ಕಾಗಿ ಅಂದೇ ರಾತ್ರಿ ಕುರಿ ತರುಬಿ ಮಲಗಿಸುವುದಾಗಿ ಮಾತು ಕೊಟ್ಟಿದ್ದನಂತೆ.

'ದಾಟಬಹುದೇನ್ರಿ ಸಾಹೇಬ್ರ? ನಿಮ್ಮ ಮಷೀನು ಏನಂತೈತ್ರಿ?'

ಫೋನು ನೋಡಿದೆ. ಅಂಕಿ ಸರಿಯಾಗಿತ್ತು. 'ಪೂಲಿಗೆ ಏನೂ ಆಗಿಲ್ಲ. ಬಿಂದಾಸ್ ಹೋಗ್ರಿ' ಎಂದು ಬ್ಯಾರಿಕೇಡ್ ಸರಿಸಿದೆ.

ಹಿಂಡು ನಡುವಿಗೆ ಹೋದಾಗ ಮತ್ತೊಮ್ಮೆ ನೋಡಿದೆ. ಅದೇ ಅಂಕಿ. ಅಷ್ಟು ಕುರಿ ಮೇಲಿದ್ದರೂ ಒಂದಿಷ್ಟೂ ಅಲುಗಿಲ್ಲ. ಅಂಕಿಯ ಕೆಳಗಿದ್ದ ಸಮಯ ನೋಡಿದರೆ ಹಿಂದಿನ ಸಂಜೆಯದು! ನೀರು ಹೊಕ್ಕು ಸೆನ್ಸರ್ ಆಗಲೇ ಸತ್ತಿತ್ತು. ಮೊದಲು ಸಮಯ ನೋಡು ಎನ್ನುವುದು ಈ ಕೆಲಸದ ಮೊದಲ ಪಾಠ, ಅದನ್ನೇ ಮರೆತಿದ್ದೆ.

ಕೂಗಬೇಕಿತ್ತು. ಬಾಯಿ ತೆರೆದೆ ಕೂಡ. ಪಕ್ಕದಲ್ಲಿ ಮೇಲಧಿಕಾರಿ ನಿಂತಿದ್ದರು, ಸುತ್ತ ಊರ ಮಂದಿ. 'ತಪ್ಪಾತು, ತಿರುಗಿ ಬರ್ರಿ' ಅಂದರೆ ನನ್ನ ಮರ್ಯಾದೆ ಏನಾಗಬೇಕು ಎಂದು ಯೋಚಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು! ತಾಯಿಯ ಹೆಗಲ ಮೇಲಿದ್ದ ಆ ಕೂಸಿನ ತಲೆ ನನಗೆ ಕಾಣುತ್ತಿತ್ತು. ಆದರೂ ಸುಮ್ಮನೆ ನಿಂತೆ. ಕೊನೆಯ ಕುರಿ ಆಚೆ ಇಳಿದ ಮೇಲೆ, 'ಇನ್ನೊಮ್ಮೆ ಚೆಕ್ ಮಾಡೂಣ್ರಿ' ಎಂದು ಬ್ಯಾರಿಕೇಡನ್ನು ಮತ್ತೆ ಅಡ್ಡ ಎಳೆದೆ.

ಮಧ್ಯಾಹ್ನ ಬೇರೆ ಸೆನ್ಸರ್ ಹಾಕಿ ನೋಡಿದರೆ ನಡುವಿನ ಕಂಬ ವಾಲಿತ್ತು. ಸೇತುವೆ ಮುಚ್ಚಿದರು. ಸಮಯಕ್ಕೆ ಸರಿಯಾಗಿ ಕಂಡುಹಿಡಿದೆ ಎಂದು ಎಲ್ಲರೂ ನನ್ನ ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ತಿಂಗಳ ಮೇಲೆ ಹತ್ತರಗಿಯ ಚಹಾದಂಗಡಿಯಲ್ಲಿ ಅದೇ ಕುರಿಗಾರ ಸಿಕ್ಕ. 'ಈ ಸಾಹೇಬ್ರು ನೋಡಿ ಬಿಟ್ಟಿದ್ದಕ್ಕ ಅವತ್ತ ಪಾರಾದ್ವಿ' ಎಂದು ಜೊತೆಗಿದ್ದವರಿಗೆ ಹೇಳಿದ. ನನಗೂ ಚಹಾ ತರಿಸಿದ. ಆಮೇಲೆ ತನ್ನ ಫೋನು ಮುಂದೆ ಹಿಡಿದು, 'ನಿಮ್ಮ ನಂಬರ್ ಹಾಕಿ ಕೊಡ್ರಿ. ಇನ್ನ ಮ್ಯಾಲೆ ಯಾವ ಹೊಳಿ ಇದ್ರೂ ನಿಮ್ಮನ್ನ ಕೇಳೇ ಹೆಂಡ್ತಿ-ಕೂಸನ್ನ ದಾಟಸ್ತೇನ್ರಿ' ಎಂದ.

ಖರೆ ಏನೆಂದು ಆಗಲಾದರೂ ಹೇಳಬೇಕಿತ್ತು. ನಂಬರ್ ಹಾಕಿಕೊಟ್ಟೆ.